ತೇಗದ ಪೆಟ್ಟಿಗೆಯ ಕಂಪ್ಯೂಟರ್

ನನ್ನ ಗಂಡ ಬಷೀರ್ ಹುಣಸೂರಿನಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದರು. ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ಊರಿಗೆ ದೊಡ್ಡ ಮನುಷ್ಯರೇನಲ್ಲ. ಮದುವೆಗೆ ಬಂದವರು ಗಂಡು ಹೆಣ್ಣನ್ನು ನೋಡುತ್ತಾರೆ, ಕ್ಯಾಮೆರಾ ಹಿಡಿದವನನ್ನು ಯಾರು ನೋಡುತ್ತಾರೆ? ಅಡ್ಡ ನಿಂತಾಗ ಬೈಯುತ್ತಾರೆ, ಅಷ್ಟೆ. ಅಂಥವರ ಬಗ್ಗೆ ಯಾರೂ ಬರೆಯುವುದಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಪಿರಿಯಾಪಟ್ಟಣದ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಮನೆಯಲ್ಲಿ ಆಡುವುದು ಉರ್ದು, ಬರೆಯಲು ಬರುವುದು ಕನ್ನಡ.

ಅವರು ಬಿಟ್ಟುಹೋದದ್ದು ಒಂದು ಕಂಪ್ಯೂಟರ್. ಅಂಗಡಿಯಿಂದ ತಂದದ್ದಲ್ಲ, ಕೈಯಾರೆ ಜೋಡಿಸಿದ್ದು. ಅವರು ಹೋದರು, ಅದಾದರೂ ನಡೆಯುತ್ತಿರಲಿ ಎಂದು ನನಗೆ ಆಸೆ ಇತ್ತು. ಬೇರೆ ಆಸೆ ಇರಲಿಲ್ಲ. ನಮಗೆ ಮಕ್ಕಳಿಲ್ಲ.

ನಮ್ಮ ಮಾವ ಬಡಗಿ. ಮರದ ಡಿಪೋ ಹತ್ತಿರ ಶೆಡ್ಡು ಇತ್ತು. ದೊಡ್ಡ ಮಗ ಇವರು, ಚಿಕ್ಕವನು ಸೊಹೈಲ್. ಸೊಹೈಲ್ ಅಪ್ಪನ ಕೆಲಸ ಹಿಡಿದ. ಇವರು ಉಳಿ ಬಿಟ್ಟು ಕ್ಯಾಮೆರಾ ಹಿಡಿದರು. ಮಾವ ಬದುಕಿರುವವರೆಗೂ ಅದನ್ನು ಕೆಲಸ ಎಂದು ಒಪ್ಪಲಿಲ್ಲ. "ಯಾರದೋ ಮದುವೇಲಿ ಇವನು ಬಿಟ್ಟಿ ಊಟ ಮಾಡ್ಕೊಂಡು ಬರ್ತಾನೆ" ಎನ್ನುತ್ತಿದ್ದರು.

ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋ ಇವರದೂ ವಿರೂಪಾಕ್ಷಣ್ಣನದೂ ಇಬ್ಬರದು. ವಿರೂಪಾಕ್ಷಣ್ಣ ಕಟ್ಟೆಮಳಲವಾಡಿಯವರು. ಮನೆಯಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್ ಎನ್ನುವ ಬಿಸಿಗೂಡಿನಲ್ಲಿ ಒಣಗಿಸುತ್ತಾರೆ. ಇವರಿಬ್ಬರೂ ಕೂಡಿ ಓದಿದವರು. ಅಣ್ಣ ಸ್ಟುಡಿಯೋದಲ್ಲಿ ಕೂತು ಗಿರಾಕಿಗಳನ್ನು ನೋಡುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಇವರು ವಿಡಿಯೋ ತೆಗೆದು, ಮನೆಯ ಮುಂದಿನ ಕೋಣೆಯಲ್ಲಿ ಕೂತು ಎಡಿಟ್ ಮಾಡುತ್ತಿದ್ದರು. ದಿನಗಟ್ಟಲೆ ತೆಗೆದದ್ದನ್ನು ಕತ್ತರಿಸಿ, ಹಾಡು ಹಾಕಿ, ಕೂತು ನೋಡುವ ಹಾಗೆ ಮಾಡುವುದು. ಕೊನೆಗೆ ಎಲ್ಲ ತುಂಡುಗಳನ್ನೂ ಕಂಪ್ಯೂಟರ್ ಸೇರಿಸಿ ಒಂದೇ ವಿಡಿಯೋ ಮಾಡಿಕೊಡಬೇಕು. ಅದಕ್ಕೆ ರೆಂಡರ್ ಎನ್ನುತ್ತಾರೆ. ಹಳೆಯ ಕಂಪ್ಯೂಟರ್ ರೆಂಡರಿಗೆ ಕೂತರೆ ಏಳುತ್ತಲೇ ಇರಲಿಲ್ಲ. ಹೊಸದು ಬೇಕೇ ಬೇಕು ಎಂದಾಯಿತು. ಜಗಳ ಶುರುವಾದದ್ದು ಅಲ್ಲಿಂದ.

ವಿರೂಪಾಕ್ಷಣ್ಣನಿಗೆ ಕಂಪನಿಯದೇ ದೊಡ್ಡ ಮೆಷಿನ್ನು ಬೇಕಿತ್ತು. ಅದಕ್ಕೆ ವರ್ಕ್‌ಸ್ಟೇಷನ್ ಎಂದು ಹೆಸರು. ಒಂದು ಹಳೆಯ ಕಾರು ಬರುವಷ್ಟು ಬೆಲೆ. ಇವರು ಒಪ್ಪಲಿಲ್ಲ.

"ನಮ್ಮನೇಲಿ ಯಾರೂ ಮಂಚ ಅಂಗಡಿಯಿಂದ ತಂದಿಲ್ಲ ಕಣೋ" ಎಂದರು. "ಮರ ತರ್ತೀವಿ, ಮಾಡ್ಕೋತೀವಿ. ಇದೂ ಅಷ್ಟೆ. ಬೋರ್ಡು ಬೇರೆ, ಕಾರ್ಡು ಬೇರೆ, ಡಿಸ್ಕು ಬೇರೆ. ತಂದು ಸೇರಿಸೋದು."

"ಮಂಚ ಕೆಟ್ರೆ ಮೊಳೆ ಹೊಡೀತೀಯ. ಇದು ಕೆಟ್ರೆ ಏನ್ ಹೊಡೀತೀಯಲಾ?"

"ನಿನ್ನ ತಲೆಗೆ ಹೊಡೀತೀನಿ."

"ಕಂಪನಿದಾದ್ರೆ ಫೋನ್ ಮಾಡಿದ್ರೆ ಬತ್ತಾರೆ ಕಣ್ಲಾ. ಮೂರು ವರ್ಷ ಅವರ್ದೇ ಜವಾಬ್ದಾರಿ."

"ಮೂರು ವರ್ಷ ಆದ್ಮೇಲೆ? ಒಂದು ಸಣ್ಣ ಭಾಗ ಹೋದ್ರೆ ಇಡೀ ಮೆಷಿನ್ನೇ ಮೂಲೆಗೆ. ನಾನು ಜೋಡಿಸಿದ್ರೆ ಯಾವುದು ಹೋಯ್ತೋ ಅದನ್ನ ಮಾತ್ರ ತೆಗೆದು ಹಾಕ್ತೀನಿ."

ಇವರೇ ಗೆದ್ದರು. ಬೆಂಗಳೂರಿಗೆ ಹೋಗಿ ಭಾಗಗಳನ್ನೆಲ್ಲ ಬೇರೆ ಬೇರೆ ಅಂಗಡಿಯಲ್ಲಿ ಕೊಂಡು, ಬಟ್ಟೆ ಸುತ್ತಿ ಚೀಲಕ್ಕೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರು. ಮಂಡ್ಯದಲ್ಲಿ ಇಳಿದು ಟೀ ಕೂಡ ಕುಡಿಯಲಿಲ್ಲವಂತೆ. ಪೆಟ್ಟಿಗೆ ಮಾತ್ರ ತರಲಿಲ್ಲ. ಅಂಗಡಿಯಲ್ಲಿ ಸಿಗುವುದು ತಗಡಿನದು, ಬಡಗಿ ಮಗ ತಗಡು ಕೊಳ್ಳುತ್ತಾನಾ ಎಂದರು. ಮಾವನ ಶೆಡ್ಡಿನಲ್ಲಿ ಉಳಿದಿದ್ದ ತೇಗದ ಹಲಗೆ ತಂದು ತಾವೇ ಪೆಟ್ಟಿಗೆ ಮಾಡಿದರು. ಒಂದು ಮೊಳೆ ಇಲ್ಲ. ಮೂಲೆಗೆ ಮೂಲೆ ಕಚ್ಚಿಕೊಂಡಿತ್ತು. ನೀರು ಹಾಕಿದರೂ ಸೋರುತ್ತಿರಲಿಲ್ಲ.

ಅದೇ ತಪ್ಪಾಯಿತು. ಒಳಗಿನ ಬಿಸಿಗೆ ಹೊರಗೆ ಬರಲು ದಾರಿ ಇರಲಿಲ್ಲ. ಮೊದಲನೇ ದಿನವೇ ಮೆಷಿನ್ನು ಕಾದು ಆಫ್ ಆಯಿತು. ವಿರೂಪಾಕ್ಷಣ್ಣ ಪೆಟ್ಟಿಗೆ ಮೇಲೆ ಕೈಯಿಟ್ಟು ನೋಡಿದರು.

"ಇದು ಕಂಪ್ಯೂಟರಲ್ಲ ಕಣ್ಲಾ, ಹೊಗೆಸೊಪ್ಪಿನ ಬ್ಯಾರನ್ನು. ನಾಕು ಕಡ್ಡಿ ಸೊಪ್ಪು ತಂದು ತೂಗಾಕ್ತೀನಿ, ಸಂಜೆಗೆ ಒಣಗ್ತದೆ. ಹರಾಜಿಗೆ ಕಳ್ಸಾನ."

ನಮ್ಮ ಅತ್ತೆ ಜಮೀಲುನ್ನೀಸಾ ಎಲೆ ಅಡಿಕೆ ಅಗಿಯುವುದು ಬಿಟ್ಟು ನಕ್ಕರು. ಇವರು ಎದ್ದರು. ಡ್ರಿಲ್ ತಂದು ಪೆಟ್ಟಿಗೆಯ ಹಿಂದುಗಡೆ ತೂತು ಹೊಡೆದರು. ಕೋಪದಲ್ಲಿ ಹೊಡೆದದ್ದು. ಸಾಲೂ ಇಲ್ಲ, ಅಳತೆಯೂ ಇಲ್ಲ. ಒಳಗೊಂದು ಫ್ಯಾನು ಹಾಕಿದರು. ಆಮೇಲೆ ಅದು ನಡೆಯಿತು. ಹಿಂದಿನ ಭಾಗ ಗೋಡೆ ಕಡೆಗಿದ್ದದ್ದರಿಂದ ಆ ತೂತುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ವರ್ಷಗಟ್ಟಲೆ ನಡೆಯಿತು. ಜಗಳವೂ ನಡೆಯಿತು. ಒಂದು ಸಲ ಸಿಡಿಲಿಗೆ ಬೀದಿಯ ಕರೆಂಟು ಹೆಚ್ಚುಕಮ್ಮಿಯಾಗಿ ಒಳಗಿನ ಒಂದು ಭಾಗ ಸುಟ್ಟಿತು. ಇವರು ಅದೊಂದನ್ನೇ ಬಿಚ್ಚಿ ಬೇರೆ ಹಾಕಿ ಸಂಜೆಗೇ ಎಡಿಟಿಂಗಿಗೆ ಕೂತರು. ವಿರೂಪಾಕ್ಷಣ್ಣನಿಗೆ ಫೋನ್ ಮಾಡಿ, "ನಿನ್ನ ಕಂಪನಿಯವರು ಇಷ್ಟೊತ್ತಿಗೆ ಅರ್ಜಿ ಬರೆಸಿಕೊಳ್ತಾ ಇರೋರು" ಎಂದು ಛೇಡಿಸಿದರು. ಇನ್ನೊಂದು ಸಲ ಮದುವೆ ಕಾಲದಲ್ಲೇ ಕೆಟ್ಟಿತು. ಯಾವ ಭಾಗ ಎಂದು ಇವರಿಗೇ ಗೊತ್ತಾಗಲಿಲ್ಲ. ಒಂದೊಂದೇ ಬಿಚ್ಚಿ ಹಾಕಿ ನೋಡುತ್ತ ಊಟ ಬಿಟ್ಟರು. ವಿಡಿಯೋ ಸಿಗಲಿಲ್ಲವೆಂದು ಕೆ.ಆರ್. ನಗರದ ಒಬ್ಬ ಮದುಮಗನ ಅಪ್ಪ ಸ್ಟುಡಿಯೋಗೆ ಬಂದು ಬಾಯಿಗೆ ಬಂದ ಹಾಗೆ ಬೈದ. ಆ ಬೈಗುಳ ತಿಂದದ್ದು ವಿರೂಪಾಕ್ಷಣ್ಣ. ಅವತ್ತು ಅವರು ನಮ್ಮ ಮನೆಗೆ ಬಂದು ಜಗುಲಿಯಲ್ಲೇ ಕೂತರು. ಟೀ ಕೊಟ್ಟರೂ ಕುಡಿಯಲಿಲ್ಲ. ಅವತ್ತು ಸರಿ ಇದ್ದದ್ದು ಅವರೇ. ನಾನು ಹೇಳಲಿಲ್ಲ. ಗಂಡನ ಎದುರಿಗೆ ಹೇಗೆ ಹೇಳುವುದು?

ನನಗೆ ಕಂಪ್ಯೂಟರ್ ಗೊತ್ತಿಲ್ಲ. ಅದರ ಫ್ಯಾನಿನ ಸದ್ದು ಗೊತ್ತು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದರೆ ಮುಂದಿನ ಕೋಣೆಯಿಂದ ಬರುತ್ತಿತ್ತು. ಸದ್ದು ದೊಡ್ಡದಾದರೆ ರೆಂಡರಿಗೆ ಹಾಕಿದ್ದಾರೆ, ಇನ್ನು ಎದ್ದು ಬರುತ್ತಾರೆ ಎಂದರ್ಥ. ನಾನು ಅನ್ನಕ್ಕೆ ಇಡುತ್ತಿದ್ದೆ. ಬಂದು ಅಡುಗೆಮನೆ ಬಾಗಿಲಲ್ಲಿ ಕೂತು, ಯಾವ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟರು, ಯಾರ ಸೀರೆಗೆ ಸಾರು ಚೆಲ್ಲಿತು ಎಂದು ಹೇಳುತ್ತಿದ್ದರು. ವಿಡಿಯೋದಲ್ಲಿ ಅವನ್ನೆಲ್ಲ ಕತ್ತರಿಸಿ ಹಾಕುತ್ತಿದ್ದರು. ಆ ಮದುವೆಗಳಲ್ಲಿ ನಡೆದದ್ದು ನನಗೆ ಗೊತ್ತು, ಮದುವೆ ಮನೆಯವರಿಗೇ ಗೊತ್ತಿಲ್ಲ.

ಚುಂಚನಕಟ್ಟೆಯ ಚಲುವರಾಜು ಎನ್ನುವವರ ಮಗಳ ಮದುವೆ ತೆಗೆದು ಬಂದರು. ಅದನ್ನು ಅರ್ಧ ಎಡಿಟ್ ಮಾಡಿದ್ದರು. ಅಷ್ಟರಲ್ಲಿ ಇನ್ನೊಂದು ಮದುವೆಗೆ ಎಚ್.ಡಿ. ಕೋಟೆಗೆ ಹೋದರು. ಛತ್ರದಲ್ಲಿ ಕ್ಯಾಮೆರಾ ಕೆಳಗಿಟ್ಟು, ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರಂತೆ. ಯಾರೋ ನೀರು ತರಲು ಹೋದರು. ನೀರು ಬರುವಷ್ಟರಲ್ಲಿ ಆಗಿಹೋಗಿತ್ತು.

ನಮ್ಮಲ್ಲಿ ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು. ಇದ್ದತ್ ಎನ್ನುತ್ತಾರೆ. ಹೊರಗೆ ಹೋಗುವ ಹಾಗಿಲ್ಲ, ಬೇರೆ ಗಂಡಸರ ಎದುರಿಗೆ ಬರುವ ಹಾಗಿಲ್ಲ. ನಮ್ಮ ಮನೆಯಲ್ಲಿ ಮೈದುನನೂ ಆ ಬೇರೆ ಗಂಡಸರಲ್ಲೇ ಸೇರಿದ. ನನ್ನ ಕೋಣೆಗೂ ಮುಂದಿನ ಕೋಣೆಗೂ ನಡುವೆ ಅತ್ತೆ ಪರದೆ ಕಟ್ಟಿದರು. ನಾನು ಈ ಕಡೆ, ಲೋಕ ಆ ಕಡೆ.

ಚಲುವರಾಜು ಒಳ್ಳೆಯವರು. ಸ್ವಲ್ಪ ಕಾಲ ಬಿಟ್ಟು ಮಗಳ ಮದುವೆ ವಿಡಿಯೋ ಕೇಳಿದರು. ವಿರೂಪಾಕ್ಷಣ್ಣ ಬಂದು ಪರದೆಯ ಆ ಕಡೆ ನಿಂತರು.

"ಸುಫಿಯಮ್ಮ, ಬಷೀರನ್ ಮೆಷಿನ್ನಲ್ಲೇ ಮಿಕ್ಕಿದ್ದು ಎಡಿಟ್ ಮಾಡ್ತೀನಿ. ನಂಗೆ ಅಷ್ಟಾಗಿ ಬರಲ್ಲ. ಆದ್ರೂ ಕೂತ್ಕತೀನಿ. ನಿಮಗೇನೂ ಬ್ಯಾಸ್ರ ಇಲ್ವಲ್ಲ?"

"ಕೂತ್ಕೊಳ್ಳಿ ಅಣ್ಣ" ಎಂದೆ.

ದಿನಾ ಮಧ್ಯಾಹ್ನ ಬರತೊಡಗಿದರು. ಅತ್ತೆ ಅಲ್ಲೇ ಮಂಚದ ಮೇಲೆ ಇರುತ್ತಿದ್ದರು. ಮೆಷಿನ್ನು ಹಾಕಿದಾಗ ಆ ಸದ್ದು ಬಂತು. ನಾನು ಪರದೆ ಹತ್ತಿರ ಚಾಪೆ ಹಾಕಿಕೊಂಡೆ. ಅವರು ಬರುವ ಹೊತ್ತಿಗೆ ನನ್ನ ಕೆಲಸ ಮುಗಿಸಿಕೊಂಡು ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ಅಲ್ಲಿ ಕೂತವರು ಯಾರಾದರೂ ಆಗಬಹುದಿತ್ತು. ಈ ಮೆಷಿನ್ನು ನಿಲ್ಲಬಾರದು ಎಂದು ದುವಾ ಮಾಡಿದ್ದೇನೆ. ಅಂಥದ್ದಕ್ಕೆಲ್ಲ ದುವಾ ಮಾಡಬಹುದೋ ಇಲ್ಲವೋ ಗೊತ್ತಿಲ್ಲ.

ಸತ್ತವರಿಗಾಗಿ ಓದಿಸುವ ನಲವತ್ತನೇ ದಿನದ ಫಾತಿಹಾ ಬಂತು. ನೆಂಟರು ಬರುತ್ತಾರೆಂದು ಸೊಹೈಲ್ ಮನೆಗೆ ಸುಣ್ಣ ಹೊಡೆಸಿದ. ವಿರೂಪಾಕ್ಷಣ್ಣ ಆ ವಾರ ಬರಲಿಲ್ಲ. ಒಂದು ಬೆಳಿಗ್ಗೆ ಮುಂದಿನ ಕೋಣೆಯಲ್ಲಿ ಉಪ್ಪುಕಾಗದ ಉಜ್ಜುವ ಸದ್ದು. ಮರ ಉಜ್ಜುವುದು ಈ ಮನೆಯಲ್ಲಿ ಹೊಸದಲ್ಲ. ಮಾವ ಇದ್ದಾಗಿನಿಂದ ಕೇಳಿದ್ದೇನೆ. ಯಾವುದೋ ಕುರ್ಚಿ ಇರಬೇಕು ಎಂದುಕೊಂಡೆ. ಪಾಲಿಶ್ ವಾಸನೆ ಬಂತು.

"ಏನು ಮಾಡ್ತಿದ್ದೀಯ ಸೊಹೈಲ್?" ಎಂದು ಕೇಳಿದೆ.

"ಅಣ್ಣನ ಪೆಟ್ಟಿಗೆ ಭಾಭಿ. ಬಣ್ಣ ಹೋಗಿತ್ತು. ಸರಿ ಮಾಡಿದೀನಿ. ನೋಡಿದವರು ಬಡಗಿ ಮಗ ಮಾಡಿದ್ದು ಅನ್ನಬೇಕು."

"ಒಳ್ಳೇದು" ಎಂದೆ. ಪರದೆ ಈ ಕಡೆ ಇದ್ದವಳು ಇನ್ನೇನು ಹೇಳಲಿ?

ಫಾತಿಹಾ ಮುಗಿದ ಮೇಲೆ ವಿರೂಪಾಕ್ಷಣ್ಣ ಮತ್ತೆ ಬಂದರು. ಪೆಟ್ಟಿಗೆ ನೋಡಿ, "ಏನಮ್ಮಾ, ಮದುಮಗ ಆಗೋಗವ್ನೆ!" ಎಂದರು. ಅತ್ತೆ ತಮ್ಮ ಕನ್ನಡದಲ್ಲಿ, "ಸೊಹೈಲ್ ಮಾಡ್ದ. ಚಂದ ಐತಲ್ಲ?" ಎಂದರು. ಮೆಷಿನ್ನು ಸ್ವಲ್ಪ ಹೊತ್ತು ನಡೆದು ಆಫ್ ಆಯಿತು. ಮತ್ತೆ ಹಾಕಿದರು. ಮತ್ತೆ ಆಫ್ ಆಯಿತು. ಹಾಗೇ ಕೆಲವು ದಿನ. ಕೆಲಸ ಮುಗಿಯುವ ಹಂತದಲ್ಲಿತ್ತು. ಚಲುವರಾಜುವಿಗೆ ಈ ವಾರ ಎಂದು ಮಾತು ಕೊಟ್ಟಿದ್ದರು. ಅದಕ್ಕೆ ಬಿಡದೆ ಹಾಕುತ್ತಲೇ ಇದ್ದರು. "ಹಠಮಾರಿ ನನ್ಮಗಂದು, ಅವನಂಗೇ" ಎಂದು ಬೈಯುತ್ತಿದ್ದರು. ನನಗೆ ಪರದೆ ಹಿಂದೆ ನಗು ಬಂತು.

ರೆಂಡರಿಗೆ ಹಾಕಿದ ದಿನ ಫ್ಯಾನಿನ ಸದ್ದು ಯಾವತ್ತಿಗಿಂತ ದೊಡ್ಡದಾಯಿತು. ಆಮೇಲೆ ಒಂದು ಚಟ್ ಎನ್ನುವ ಸದ್ದು. ಸುಟ್ಟ ವಾಸನೆ. ಆಮೇಲೆ ಏನೂ ಇಲ್ಲ.

ವಿರೂಪಾಕ್ಷಣ್ಣ ವೈರು ಕೀಳಲು ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆ ಎಳೆದರು. ಮರದ ಮೇಲೆ ಕೈಯಾಡಿಸುವ ಸದ್ದು ಬಂತು.

"ಏನಾಯ್ತು ಅಣ್ಣ?"

"ಕಿಂಡಿ ಎಲ್ಲಾ ಮುಚ್ಚವ್ರೆ ಕಣಮ್ಮ."

"ಯಾವ ಕಿಂಡಿ?"

"ಹಿಂದುಗಡೆ ತೂತು. ಒಂದೂ ಇಲ್ಲ. ಕೈಯಾಡ್ಸಿದ್ರೂ ಗೊತ್ತಾಗಕ್ಕಿಲ್ಲ, ಅಂಗೆ ಮುಚ್ಚವ್ರೆ. ನಾವು ಸೊಪ್ಪು ಬೇಯ್ಸೋಕೆ ಬ್ಯಾರನ್ ಕಿಂಡಿ ಮುಚ್ತೀವಲ್ಲ, ಅದೇ ಆಗೈತೆ. ಒಳಗೆ ಬೆಂದೋಗೈತೆ."

ಸೊಹೈಲ್ ಮರದ ಪುಡಿಗೆ ಗೋಂದು ಕಲಸಿ ಒಂದೊಂದೇ ತೂತು ತುಂಬಿದ್ದ. ಮೇಲೆ ಉಜ್ಜಿ ಪಾಲಿಶ್ ಹೊಡೆದಿದ್ದ. ಬಡಗಿಯ ಕಣ್ಣಿಗೆ ತೂತು ಎಂದರೆ ಕೆಟ್ಟ ಕೆಲಸ. ಅಣ್ಣನ ಕೈ ತಪ್ಪಿದೆ, ಸತ್ತ ಮೇಲೆ ಅವನ ಹೆಸರಿಗೆ ಆ ಕೆಟ್ಟ ಕೆಲಸ ಉಳಿಯಬಾರದು ಎಂದುಕೊಂಡಿದ್ದ. ಮೆಷಿನ್ನು ಉಸಿರಾಡುವುದು ಅಲ್ಲಿಂದ ಎಂದು ಅವನಿಗೆ ಯಾರು ಹೇಳಿದ್ದರು? ಹೇಳಬೇಕಾದವರು ಇರಲಿಲ್ಲ.

ವಿರೂಪಾಕ್ಷಣ್ಣ ಮೈಸೂರಿನಿಂದ ರಿಪೇರಿಯವರೊಬ್ಬರನ್ನು ಕರೆಸಿದರು. ಅವರು ಬಿಚ್ಚಿ ನೋಡಿ ಹೇಳಿದರು. ಡಿಸ್ಕು ಚೆನ್ನಾಗಿದೆ, ಮದುವೆ ಎಲ್ಲಿಯೂ ಹೋಗಿಲ್ಲ. ಬೋರ್ಡು ಸುಟ್ಟಿದೆ. ಆ ಥರದ ಬೋರ್ಡು ಈಗ ಬರುವುದಿಲ್ಲ, ಹೊಸ ಥರದ್ದು ಹಾಕಿದರೆ ಅದಕ್ಕೆ ಹೊಂದುವ ಬೇರೆ ಭಾಗಗಳನ್ನೂ ಹಾಕಬೇಕು. ಹಾಕಿಸುತ್ತೀರೋ, ಹೊಸ ಮೆಷಿನ್ನೇ ತೆಗೆದುಕೊಳ್ಳುತ್ತೀರೋ ನೀವೇ ನೋಡಿ ಎಂದು ಹೋದರು.

ಅವತ್ತು ಸೊಹೈಲ್ ಶೆಡ್ಡಿನಿಂದ ನೇರ ಬಂದ. ಯಾರು ಹೇಳಿದರೋ. ಪರದೆ ಆ ಕಡೆ ಕೂತ.

"ಭಾಭಿ."

"ಹೇಳು."

"ನನ್ನಿಂದ ಹಾಳಾಯ್ತಾ?"

ಅತ್ತೆ ನಡುವೆ ಬಂದು, "ಇಲ್ಲ ಬೇಟಾ, ಹಳೇದಾಗಿತ್ತು, ಹೋಯ್ತು" ಎಂದರು. ಅವನು ಮತ್ತೆ ನನ್ನನ್ನೇ ಕೇಳಿದ. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹೌದು ಸೊಹೈಲ್. ಆ ತೂತು ಬೇಕಾಗಿತ್ತು. ಪ್ರೀತಿಯಿಂದ ಮಾಡಿದ್ದೀಯ. ಆದರೂ ಹೌದು."

ಅತ್ತೆ ನನ್ನನ್ನು ಬೈದರು. ಸೊಹೈಲ್ ಎದ್ದು ಹೋಗದೆ ಅಲ್ಲೇ ಕೂತಿದ್ದ. ಅವನು ಮೂಗು ಎಳೆಯುವುದು ಕೇಳಿಸುತ್ತಿತ್ತು. ನಾನು ಈ ಕಡೆ ಕೂತೇ ಇದ್ದೆ. ಅವನಿಗೂ ಅಣ್ಣ ಒಬ್ಬನೇ, ನನಗೂ ಅವರು ಒಬ್ಬರೇ. ಸಂಜೆ ಮಗ್ರಿಬಿನ ಬಾಂಗು ಆದ ಮೇಲೆ ಅವನು ಎದ್ದು ಹೋದ.

ಮಾರನೇ ದಿನ ವಿರೂಪಾಕ್ಷಣ್ಣ ಬಂದರು.

"ಬೋರ್ಡು ಹೊಸದು ಹಾಕ್ಸ್ತೀನಿ ಕಣಮ್ಮ. ಬಷೀರಂದು ಹಿಂಗೇ ಇರ್ಲಿ, ಇಲ್ಲೇ ಇರ್ಲಿ. ನಾನು ಬತ್ತಾ ಇರ್ತೀನಿ."

ನನಗೆ ಬೇಕಾಗಿದ್ದದ್ದೂ ಅದೇ. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಜೋಡಿಸೋರು ಯಾರಣ್ಣ?"

"ಮೈಸೂರಿನವ್ರನ್ನೇ ಕರೀತೀನಿ."

"ಮದುವೆ ಕಾಲದಲ್ಲಿ ಮತ್ತೆ ಕೆಟ್ಟರೆ?"

"ಮತ್ತೆ ಕರೀತೀನಿ."

"ಅವರು ಬರದಿದ್ದರೆ?"

ಇವರಿದ್ದಾಗ ಆ ಮೆಷಿನ್ನಿಗೆ ಇವರೇ ಕಂಪನಿ. ಕೆಟ್ಟರೆ ಊಟ ಬಿಟ್ಟು ಕೂರುತ್ತಿದ್ದರು. ಈಗ ವಿರೂಪಾಕ್ಷಣ್ಣ ಒಬ್ಬರೇ. ಕೆ.ಆರ್. ನಗರದವನ ಹಾಗೆ ಇನ್ನೊಬ್ಬ ಬಂದು ಬೈದರೆ ಅವರೇ ನಿಂತು ಕೇಳಬೇಕು. ಜೋಡಿಸುವುದು ಜೋಡಿಸಲು ಬರುವವರಿಗೆ ಸರಿ. ಬರದವರು ಕೊಂಡುಕೊಳ್ಳಬೇಕು. ನನಗೆ ತಿಳಿದದ್ದು ಇಷ್ಟೇ.

"ನೀವು ಕಂಪನಿಯದ್ದೇ ತಗೊಳ್ಳಿ ಅಣ್ಣ."

"ಕಂಪನಿದು ಸ್ಟುಡಿಯೋಲಿ ಇಡ್ಬೇಕಾಯ್ತದೆ ಕಣಮ್ಮ. ಅವ್ರ ಕಡೆಯೋರು ಬಂದು ಹೋಗ್ಬೇಕಲ್ಲ. ಇಲ್ಲಿಗೆ ಬರೋದು ನಿಂತೋಯ್ತದೆ."

"ಗೊತ್ತು."

ಅವರು ನಕ್ಕರು. ಪೂರ್ತಿ ನಗುವಾಗಿರಲಿಲ್ಲ.

"ಅವನ ಬಾಯಿಂದ ಈ ಮಾತು ಕೇಳ್ಬೇಕು ಅಂತ ಎಷ್ಟು ವರ್ಷ ಬಡ್ಕೊಂಡೆ. ಈಗ ನೀವು ಅಂತೀರಿ. ಕೇಳ್ದ ಖುಷಿನೂ ಇಲ್ಲ, ಬುಡಿ."

ಅವರೇ ಸ್ಕ್ರೂ ಬಿಚ್ಚಿದರು. ಡಿಸ್ಕು ತೆಗೆದುಕೊಂಡರು. ಉಳಿದದ್ದರಲ್ಲಿ ಚೆನ್ನಾಗಿದ್ದದ್ದನ್ನು ಏನು ಮಾಡಲಿ ಎಂದು ಕೇಳಿದರು. ಜೋಡಿಸಿಕೊಳ್ಳುವವರಿಗೆ ಕೊಡಿ ಎಂದೆ. ಪಿರಿಯಾಪಟ್ಟಣದ ಒಂದು ಸ್ಟುಡಿಯೋದವರು ತೆಗೆದುಕೊಂಡರಂತೆ. ಪೆಟ್ಟಿಗೆಯನ್ನು ಸೊಹೈಲ್ ಹೊತ್ತುಕೊಂಡು ಹೋದ. ಶೆಡ್ಡಿನಲ್ಲಿ ಕೂತು ತಾನು ತುಂಬಿದ ತೂತುಗಳನ್ನೆಲ್ಲ ಮತ್ತೆ ಕೊರೆದನಂತೆ. ಒಳಗೆ ಇಡಲು ಏನೂ ಇಲ್ಲ, ಆದರೂ ಕೊರೆದ. ಅತ್ತೆ ಹೇಳಿದರು.

ಮುಂದಿನ ಕೋಣೆಗೆ ಈಗ ಯಾರೂ ಬರುವುದಿಲ್ಲ. ಅತ್ತೆ ಮಧ್ಯಾಹ್ನ ಮಲಗುತ್ತಾರೆ. ನಾನು ಚಾಪೆ ಸುತ್ತಿ ಇಟ್ಟೆ. ಹೊತ್ತು ಹೋಗುವುದಿಲ್ಲ. ಅಕ್ಕಿಯಲ್ಲಿ ಕಲ್ಲಿಲ್ಲದಿದ್ದರೂ ಆರಿಸುತ್ತೇನೆ.

ಇದ್ದತ್ ಮುಗಿಯುವುದಕ್ಕೆ ಮುಂಚೆ ವಿರೂಪಾಕ್ಷಣ್ಣ ಫೋನ್ ಮಾಡಿದರು. ಸ್ಪೀಕರಿಗೆ ಹಾಕಿ ಅತ್ತೆ ಪಕ್ಕದಲ್ಲಿ ಇಟ್ಟುಕೊಂಡು ಮಾತಾಡಿದೆ.

"ಚಲುವರಾಜು ಅವ್ರಿಗೆ ವಿಡಿಯೋ ಕೊಟ್ಟೆ ಕಣಮ್ಮ. ಬಷೀರ್ ಸಾಬ್ರ ಕೆಲ್ಸ ಅಂದ್ರು. ಕಣ್ಣಲ್ಲಿ ನೀರಾಕ್ಕೊಂಡ್ರು."

"ಹೊಸ ಮೆಷಿನ್ನು ಹೇಗಿದೆ ಅಣ್ಣ?"

"ಚೆನ್ನಾಗೈತೆ. ಸದ್ದೇ ಇಲ್ಲ, ಆನ್ ಆಗೈತೋ ಇಲ್ವೋ ಅಂತ ಮುಟ್ಟಿ ನೋಡ್ಬೇಕು. ಮೊನ್ನೆ ಏನೋ ಕೆಟ್ಟಿತ್ತು. ಫೋನ್ ಮಾಡ್ದೆ, ಒಬ್ಬ ಬಂದ, ಟೀ ಕುಡಿಯೋದ್ರೊಳಗೆ ಸರಿ ಮಾಡಿ ಹೋದ. ಕೊಂಡಿದ್ದೇ ಸರಿಯಾಯ್ತು ಸುಫಿಯಮ್ಮ. ನಾನು ಮೊದ್ಲಿಂದ ಹೇಳ್ತಿದ್ದೆ."

ಹಾಗೆಂದು ಅವರು ನಿಲ್ಲಿಸಿದರು. ಇಷ್ಟು ವರ್ಷ ಅವರು ಈ ಮಾತು ಆಡಿದ ಕೂಡಲೇ ಇವರು ಬಾಯಿ ಹಾಕುತ್ತಿದ್ದರು. ಅಭ್ಯಾಸದ ಮೇಲೆ ಅಣ್ಣ ಆ ಕಡೆ ಕಾದರು. ನಾನೂ ಫೋನ್ ನೋಡುತ್ತ ಕಾದೆ. ಅತ್ತೆ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದರು.

ಯಾರೂ ಜಗಳಕ್ಕೆ ಬರಲಿಲ್ಲ.

"ಇಡ್ತೀನಿ ಕಣಮ್ಮ" ಎಂದರು ಅಣ್ಣ.

"ಹೂಂ" ಎಂದೆ.